ಬಾಡಿಗೆಯ ಕೋಣೆ, ಬಾಡಿಗೆಯ ಮಗ್ಗ

ಶ್ರಾವಣದ ಪ್ರವಚನಕ್ಕೆ ಬರುವ ನಿವೃತ್ತ ಗೃಹಸ್ಥರು ಪ್ರಸಾದವಾದ ಮೇಲೆ ತುಸು ಹಿಂದುಳಿದು ಕೇಳುವ ಪ್ರಶ್ನೆಗಳಲ್ಲಿ ಪಾರಮಾರ್ಥಿಕವಾದವು ಕಡಿಮೆ. ಮಗನ ಉದ್ಯೋಗ, ಮಗಳ ಸಂಬಂಧ, ಮಂಡಿಯ ನೋವು ಇವೇ ಹೆಚ್ಚು. ಆದುದರಿಂದಲೇ ಚಳ್ಳಕೆರೆಯ ನಿವೃತ್ತ ಉಪಾಧ್ಯಾಯರೊಬ್ಬರು ಕೇಳಿದ ಪ್ರಶ್ನೆ ನನ್ನ ನೆನಪಿನಲ್ಲಿ ಉಳಿದಿದೆ. ಅವರಿಗೆ ನೇಯ್ಗೆ ಕಲಿಯುವ ಬಯಕೆ. ಮನೆಯಲ್ಲಿ ಮಗ್ಗ ಹೂಡಲು ಸ್ಥಳವಿಲ್ಲ. ಎರಡು ಬೀದಿಯಾಚೆ ಹಳೆಯ ಮಾಳಿಗೆ ಮನೆಯೊಂದರ ಮುಂಗೋಣೆ ಬಾಡಿಗೆಗೆ ದೊರೆಯುವಂತಿತ್ತು. “ಈ ವಯಸ್ಸಿನಲ್ಲಿ ಆಟಿಕೆಗೆ ಬಾಡಿಗೆ ಕಟ್ಟುತ್ತಾರಂತೆ” ಎಂದು ಅವರ ಧರ್ಮಪತ್ನಿಯವರು ನನ್ನೆದುರೇ ನಕ್ಕರು. ಉಪಾಧ್ಯಾಯರು ನಗಲಿಲ್ಲ. “ಗುರುಗಳೇ, ನಾನು ನೇಯ್ದುದನ್ನು ಮಾರುವವನಲ್ಲ. ಇದು ಕಾಯಕವೋ, ವಿಲಾಸವೋ?” ಎಂದು ಕೇಳಿದರು.

ಕಾಯಕವೆಂದುಬಿಟ್ಟಿದ್ದರೆ ಅವರಿಗೆ ಸಂತೋಷವಾಗುತ್ತಿತ್ತು. ನಾನು ಹಾಗೆನ್ನಲಿಲ್ಲ. ಜೇಡರ ದಾಸಿಮಯ್ಯನವರು ನೇಯ್ದದ್ದು ಕಾಲಕ್ಷೇಪಕ್ಕಲ್ಲ. ಕದಿರ ರೆಮ್ಮವ್ವೆಯ ಕದಿರು ತಿರುಗಿದ್ದೂ ಬೇಸರ ಕಳೆಯುವುದಕ್ಕಲ್ಲ. ಶರಣರ ದುಡಿಮೆಯಿಂದ ಹೊಟ್ಟೆ ತುಂಬುತ್ತಿತ್ತು, ಉಳಿದುದು ದಾಸೋಹಕ್ಕೆ ಸಲ್ಲುತ್ತಿತ್ತು. ಪಿಂಚಣಿ ಪಡೆಯುವವರು ಸ್ವಸಂತೋಷಕ್ಕಾಗಿ ಮಾಡುವ ಕೆಲಸ ಹವ್ಯಾಸವೇ. ಅದರಲ್ಲಿ ದೋಷವಿಲ್ಲ, ಆದರೆ ಅದಕ್ಕೆ ದೊಡ್ಡ ಹೆಸರನ್ನು ಎರವಲು ತರಬೇಕಾಗಿಯೂ ಇಲ್ಲ. ಇತ್ತೀಚೆಗೆ ಬೆಳಗಿನ ವಾಯುವಿಹಾರವನ್ನೂ ಕಾಯಕವೆನ್ನುವ ಭಾಷಣಗಳನ್ನು ಕೇಳಿದ್ದೇನೆ. ಆ ಶಬ್ದ ಅಷ್ಟೊಂದು ಸವೆಯಬಾರದು.

ಅವರ ಕಿಸೆಯಲ್ಲಿ ಕೊಳ್ಳಬೇಕಾದ ಸಾಮಗ್ರಿಗಳ ಉದ್ದವಾದ ಪಟ್ಟಿಯೊಂದಿತ್ತು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಹೆಚ್ಚಾಗಿ ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನೆನಪಿಸಿದೆ. ಅವರು ಅಲ್ಲಿಯೇ ಪಟ್ಟಿಯ ಅರ್ಧವನ್ನು ಹೊಡೆದುಹಾಕಿದರು. ಹೊಸದಾಗಿ ಕಾರ್ಯಾಗಾರ ಹೂಡುವವರು ಮಾಡುವ ತಪ್ಪೆಂದರೆ ಕೆಲಸ ಬರುವ ಮೊದಲೇ ಉಪಕರಣಗಳನ್ನು ತಂದು ಕೋಣೆಯನ್ನು ತುಂಬಿಸುವುದು. ಬಾಡಿಗೆಯ ಸ್ಥಳದಲ್ಲಂತೂ ತಂದುದನ್ನೆಲ್ಲ ಒಂದು ದಿನ ಹೊತ್ತು ಹೊರಡಲೇಬೇಕು.

ಇನ್ನು ಮಗ್ಗದ ವಿಚಾರ. ನೆಲದ ಮೇಲೆಯೇ ನಿಲ್ಲುವ ಚೌಕಟ್ಟಿನ ಮಗ್ಗಕ್ಕೆ ಅಗೆಯುವ ಗೊಡವೆಯಿಲ್ಲ. ಬಾಡಿಗೆದಾರನಿಗೆ ಅದೇ ಸುಲಭ. ಕುಣಿಮಗ್ಗದಲ್ಲಾದರೆ ನೇಕಾರ ನೆಲದ ಮಟ್ಟದಲ್ಲಿ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಅಲ್ಲಿನ ಹಲಗೆಗಳನ್ನು ತುಳಿಯಬೇಕು. ಆದರೂ ನಮ್ಮ ಹಿರಿಯರು ಕುಣಿಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಚಳ್ಳಕೆರೆ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು. ಒಣಗಾಳಿಗೆ ನೂಲು ಪೆಡಸಾಗಿ ಪಟಪಟನೆ ಹರಿಯುತ್ತದೆ. ನೆಲಕ್ಕೆ ಸಮೀಪವಾಗಿ ಹಾಸು ಹೂಡಿದರೆ ಕುಣಿಯ ತಂಪು ನೂಲಿಗೆ ತಗಲಿ ಎಳೆ ಮೃದುವಾಗಿರುತ್ತದೆ.

ಕಲಿಸುವವರನ್ನು ಹುಡುಕಿಕೊಂಡು ಉಪಾಧ್ಯಾಯರು ಮೊಳಕಾಲ್ಮುರಿಗೆ ಹೋದರು. ಕುತೂಹಲದಿಂದ ನಾನೂ ಜೊತೆಯಾದೆ. ಆ ತಾಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವಿದೆ. ಅದರ ಕೊನೆಯಲ್ಲಿ ಬರೆದವನು ಚಪಡನೆಂಬ ಲಿಪಿಕಾರನೆಂದು ಹೆಸರಿದೆ. ಬಂಡೆ ಅವನದಲ್ಲ, ಮಾತು ಅರಸನದು, ಕೈಕೆಲಸ ಮಾತ್ರ ಅವನದು. ದಾರಿಯುದ್ದಕ್ಕೂ ನನಗೆ ಅದೇ ಯೋಚನೆ.

ಮೊಳಕಾಲ್ಮುರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಕೆಲವು ಬಗೆಯ ಸೀರೆಗಳು ಕೈಮಗ್ಗಕ್ಕೇ ಮೀಸಲೆಂದು 1985ರ ಕಾಯಿದೆಯೂ ಹೇಳುತ್ತದೆ. ಆದರೂ ಅದೇ ಅಂಚು, ಅದೇ ಸೆರಗುಗಳನ್ನು ಅನುಕರಿಸಿದ ವಿದ್ಯುತ್ ಮಗ್ಗದ ಅಗ್ಗದ ಸೀರೆಗಳು ಪೇಟೆಯಲ್ಲಿ ಸಿಗುತ್ತವೆ. ನಾವು ಕಂಡ ನೇಕಾರರು ಅರವತ್ತು ದಾಟಿದವರು. ಮನೆಯಲ್ಲಿ ಎರಡು ಮಗ್ಗಗಳು, ಒಂದರ ಮೇಲೆ ಧೂಳು. ಉಪಾಧ್ಯಾಯರು ಬಂದ ಕಾರಣವನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು.

“ಮೇಷ್ಟ್ರೇ, ಕೂಲಿ ಗಿಟ್ಟುವುದಿಲ್ಲವೆಂದು ನನ್ನ ಮಗ ಬೆಂಗಳೂರು ಸೇರಿದ. ನೀವು ದುಡ್ಡು ಕೊಟ್ಟು ಕುಣಿಯಲ್ಲಿ ಕೂರುತ್ತೇನೆ ಅನ್ನುತ್ತೀರಿ. ನಗಬೇಕೋ ಅಳಬೇಕೋ ನನಗೆ ತಿಳಿಯದು.”

ಆ ಮಾತಿಗೆ ನಮ್ಮಿಬ್ಬರಲ್ಲಿಯೂ ಉತ್ತರವಿರಲಿಲ್ಲ. ಒಬ್ಬನ ಹೊಟ್ಟೆಪಾಡು ಮತ್ತೊಬ್ಬನ ಕಾಲಕ್ಷೇಪವಾಗುವುದರಲ್ಲಿ ಒಂದು ಬಗೆಯ ಅವಿನಯವಿದೆ. ಮಠದ ಪಾಠಶಾಲೆಯಲ್ಲಿ ಕಾಯಕದ ಮೇಲೆ ಎಷ್ಟೋ ವ್ಯಾಖ್ಯಾನಗಳನ್ನು ಓದಿದ ನನಗೆ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಉಪಾಧ್ಯಾಯರು ಎದ್ದು ಕೈಮುಗಿದರು. “ನಿಮ್ಮ ಒಂದು ದಿನದ ದುಡಿಮೆ ಎಷ್ಟೋ ಅಷ್ಟನ್ನು ಕಲಿಸುವ ದಿನಕ್ಕೆ ಕೊಡುತ್ತೇನೆ. ಬಸ್ಸಿನ ಖರ್ಚು ಬೇರೆ” ಎಂದರು. ನೇಕಾರರು ಒಪ್ಪಿದರು. ಧೂಳು ಹಿಡಿದ ಮಗ್ಗವನ್ನು ಮಾತ್ರ ಮಾರಲೊಪ್ಪಲಿಲ್ಲ. ಅದು ಮಗನದು. ತಿಂಗಳ ಬಾಡಿಗೆಗೆ ಒಯ್ಯಬಹುದು, ಮಗ ಮರಳಿ ನೇಯುತ್ತೇನೆಂದು ಬಂದ ದಿನ ತಿರುಗಿ ಕೊಡಬೇಕು ಎಂದರು.

ಹೀಗೆ ಕೋಣೆಯೊಂದಿಗೆ ಮಗ್ಗವೂ ಬಾಡಿಗೆಯದಾಯಿತು. ಆದರೆ ನೆಲ ಅಗೆಯುವುದಕ್ಕೆ ಮನೆಯೊಡತಿಯ ಒಪ್ಪಿಗೆ ಬೇಕಷ್ಟೆ. ಆಕೆ ಒಬ್ಬಂಟಿ ವೃದ್ಧೆ. “ಮೇಷ್ಟ್ರೇ, ಬಾಡಿಗೆಗೆ ಕೊಟ್ಟ ಮನೆಯಲ್ಲಿ ಗುಂಡಿ ತೋಡಿದರೆ ಜನ ನಿಧಿ ಹುಡುಕುತ್ತಾರೆ ಅಂದಾರು” ಎಂದರು. ಅದು ಹಾಸ್ಯವಲ್ಲ, ನಿಜವಾದ ಅಂಜಿಕೆಯೇ. ಇಲ್ಲಿ ವಾಚಕರು ಕಾನೂನನ್ನೂ ತುಸು ತಿಳಿದಿರುವುದು ಒಳಿತು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಕಲಮಿನ ಪ್ರಕಾರ ಬಾಡಿಗೆದಾರನು ಸ್ವತ್ತಿಗೆ ಹಾನಿ ಮಾಡಕೂಡದು, ಮಾಲೀಕರ ಒಪ್ಪಿಗೆಯಿಲ್ಲದೆ ಕಾಯಂ ಕಟ್ಟಡವನ್ನೂ ಕಟ್ಟಕೂಡದು. ತಾನು ನೆಲಕ್ಕೆ ಹೂಡಿದುದನ್ನು ಸ್ವಾಧೀನದಲ್ಲಿರುವಾಗಲೇ ಕಿತ್ತು ಒಯ್ಯಬಹುದು, ಆದರೆ ಸ್ಥಳವನ್ನು ಪಡೆದಾಗ ಇದ್ದ ಸ್ಥಿತಿಯಲ್ಲಿಯೇ ಬಿಟ್ಟುಕೊಡಬೇಕು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕಾದುದರಿಂದ ನಮ್ಮಲ್ಲಿ ಹನ್ನೊಂದು ತಿಂಗಳ ಕರಾರು ರೂಢಿಯಲ್ಲಿದೆ. ಉಪಾಧ್ಯಾಯರು ಆ ಕರಾರಿನಲ್ಲಿ ಕುಣಿಯ ಉದ್ದ, ಅಗಲ, ಆಳಗಳನ್ನು ಬರೆಸಿದರು. ಅಗೆದ ಮಣ್ಣನ್ನು ಬೇರೆಲ್ಲೂ ಸುರಿಯದೆ ಚೀಲಗಳಲ್ಲಿ ತುಂಬಿ ಹಿತ್ತಿಲಲ್ಲಿ ಇಟ್ಟಿರತಕ್ಕದ್ದೆಂದೂ, ಬಿಡುವಾಗ ಅದೇ ಮಣ್ಣಿನಿಂದ ಮುಚ್ಚಿ ಸಾರಿಸಿಕೊಡತಕ್ಕದ್ದೆಂದೂ ಸೇರಿಸಿದರು. ಬಾಯಿಮಾತಿಗೆ ಒಪ್ಪದ ವೃದ್ಧೆ ಆ ಸಾಲನ್ನು ಓದಿಸಿ ಕೇಳಿ ಹೆಬ್ಬೆಟ್ಟು ಒತ್ತಿದರು.

ಕುಣಿಯನ್ನು ಉಪಾಧ್ಯಾಯರೇ ಅಗೆದರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದಾಗ, ಕೂಲಿಯವರು ಮರಳನ್ನು ಬಗೆದರೆ ಅವರವರು ಮಾಡಿದಷ್ಟಕ್ಕೆ ತಕ್ಕ ಕೂಲಿ ಅದರಲ್ಲಿ ದೊರೆಯುತ್ತಿತ್ತೆಂಬ ಐತಿಹ್ಯ ಈ ಸೀಮೆಯ ಮಕ್ಕಳಿಗೂ ಗೊತ್ತು. ನಮ್ಮ ಉಪಾಧ್ಯಾಯರಿಗೆ ದೊರೆತ ಕೂಲಿ ಮೂರು ದಿನದ ಸೊಂಟನೋವು.

ಕೋಣೆ ಹಿಡಿಯುವವರು ಇನ್ನೊಂದನ್ನು ಗಮನಿಸಬೇಕು. ಮಗ್ಗಕ್ಕೆ ಕೋಣೆ ಸಾಲುತ್ತದೆ, ಹಾಸಿಗೆ ಸಾಲದು. ಚಳ್ಳಕೆರೆ ಸೀಮೆಯಲ್ಲಿ ಕಂಬಳಿ ನೇಯುವವರು ಉಣ್ಣೆಯ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಹುಣಸೆಬೀಜದ ಗಂಜಿ ಹಚ್ಚುವುದನ್ನು ಹಿರಿಯರು ಕಂಡಿರುತ್ತಾರೆ. ಹತ್ತಿಯ ನೂಲಿಗೂ ಗಂಜಿಯ ಹದ ಬೇಕು, ಉದ್ದವಾದ ಬಯಲು ಬೇಕು. ಆದುದರಿಂದ ಬಾಡಿಗೆಯನ್ನು ಗೊತ್ತುಪಡಿಸುವ ಮೊದಲು ಓಣಿಯ ನೆರೆಹೊರೆಯವರೊಡನೆ ಮಾತಾಡಿರಬೇಕು. ಕಿಟಕಿ ಎಡಗಡೆಗಿದ್ದರೆ ಲೇಸೆಂದು ನೇಕಾರರು ಹೇಳಿದರು, ಅದು ಅವರ ಅಭ್ಯಾಸವಿರಬಹುದು. ರಾತ್ರಿ ಕುಣಿಯ ಮೇಲೆ ಹಲಗೆ ಮುಚ್ಚಬೇಕು, ಬೆಳಿಗ್ಗೆ ದೀಪ ಹಿಡಿದು ನೋಡಿಯೇ ಕಾಲಿಡಬೇಕು. ಚೇಳಿಗೂ ತಂಪು ಪ್ರಿಯ.

ಮೊದಲ ಬಟ್ಟೆ ಎರಡು ಮೊಳದ ಹತ್ತಿಯ ವಸ್ತ್ರ. ಅಂಚು ಹಾವಿನಂತೆ ಡೊಂಕಾಗಿತ್ತು. ಆಟಿಕೆಯೆಂದು ನಕ್ಕಿದ್ದ ಅವರ ಧರ್ಮಪತ್ನಿಯವರೇ ಅದನ್ನು ಒಯ್ದು ಪೂಜೆಯ ಮಣೆಗೆ ಹಾಸಿದರು. ಯುಗಾದಿಗೆ ಊರಿಗೆ ಬಂದ ನೇಕಾರರ ಮಗ, ತಂದೆಯ ಮಾತಿನಂತೆ ಮಗ್ಗವನ್ನು ನೋಡಲು ಚಳ್ಳಕೆರೆಗೆ ಬಂದನಂತೆ. ಕುಣಿಗಿಳಿದು ಅರ್ಧ ಗಂಟೆ ಲಾಳಿ ಆಡಿಸಿ, ಅಂಚು ಡೊಂಕಾಗುವುದೇಕೆಂದು ತೋರಿಸಿಕೊಟ್ಟು, ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಮರಳಿದ. ಮಗ್ಗವನ್ನು ಕೇಳಲಿಲ್ಲ. ಬೇಡವೆಂದೂ ಹೇಳಲಿಲ್ಲ.

ಹನ್ನೊಂದು ತಿಂಗಳು ಮುಗಿದು ಕರಾರು ನವೀಕೃತವಾಗಿದೆ. ಹಿತ್ತಿಲಿನ ಮಣ್ಣಿನ ಚೀಲಗಳಲ್ಲಿ ಒಂದನ್ನು ಇಲಿ ಕಡಿದಿತ್ತು. ಹೊಸ ಚೀಲ ತಂದು ತುಂಬಿಸುವವರೆಗೆ ವೃದ್ಧೆ ಹೆಬ್ಬೆಟ್ಟು ಒತ್ತಲಿಲ್ಲವಂತೆ.