ಚುಕ್ಕಿಯ ಕೆಳಗೆ ಏನಿದೆ?

ಆಸ್ಟ್ರೇಲಿಯಾದ ಶಾಲೆಗಳಲ್ಲಿ, ಅಲ್ಲಿ ನೆಲೆಸಿರುವ ಕನ್ನಡದ ಮನೆಗಳ ಮಕ್ಕಳೂ ಓದುವ ಶಾಲೆಗಳಲ್ಲಿ, ಮೂಲನಿವಾಸಿಗಳ ‘ಚುಕ್ಕಿ ಚಿತ್ರ’ ಚಿತ್ರಕಲೆಯ ತರಗತಿಯ ಬಹಳ ಪರಿಚಿತ ಪಾಠ. ಮಾಡುವ ಬಗೆ ಸುಲಭ. ಹಾಳೆಯ ಮೇಲೆ ಹಲ್ಲಿಯದೋ ಕಾಂಗರೂವಿನದೋ ಹೊರಗೆರೆ ಎಳೆದು, ಹತ್ತಿ ಸುತ್ತಿದ ಕಡ್ಡಿಯನ್ನು ಬಣ್ಣದಲ್ಲಿ ಅದ್ದಿ, ಒಳಗೂ ಹೊರಗೂ ಚುಕ್ಕಿ ಇಟ್ಟರೆ ಮುಗಿಯಿತು. ಮಕ್ಕಳಿಗೆ ಖುಷಿ, ಗೋಡೆಗೆ ಅಂದ. ಆದರೆ ಚುಕ್ಕಿಯಿಂದ ಶುರುವಾಗುವ ಪಾಠ ಆ ಕಲೆಯನ್ನು ತಲೆಕೆಳಗಾಗಿ ಕಲಿಸುತ್ತದೆ. ಅಲ್ಲಿ ಚುಕ್ಕಿ ಕೊನೆಗೆ ಬರುವಂಥದ್ದು. ಮೊದಲು ಬರುವುದು ನೆಲ, ಆ ನೆಲದ ಕಥೆ, ಆ ಕಥೆಯನ್ನು ಬರೆಯುವ ಹಕ್ಕು ಯಾರದೆಂಬ ಪ್ರಶ್ನೆ.

ಮೂಲನಿವಾಸಿ ಕಲೆಯೆಂದರೆ ಚುಕ್ಕಿ ಎಂಬುದು ಸರಿಯಲ್ಲ. ಬಿಳಿಯರು ಬರುವ ಮೊದಲು ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಚಿತ್ರದ ರೀತಿಗಳೂ ಬೇರೆಬೇರೆ. ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ ಮರದ ತೊಗಟೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಒಂದರ ಮೇಲೊಂದು ಹಾಯಿಸುತ್ತಾರೆ. ಅರೆಂಟೆ ಜನಾಂಗದ ಆಲ್ಬರ್ಟ್ ನಮಟ್ಜಿರಾ ಜಲವರ್ಣದಲ್ಲಿ ಬೆಟ್ಟಗಳನ್ನೂ ಮರಗಳನ್ನೂ ಬರೆದು ಹೆಸರಾದವರು. ಚುಕ್ಕಿ ತುಂಬಿದ ಕ್ಯಾನ್ವಾಸುಗಳು ಮುಖ್ಯವಾಗಿ ನಡುನಾಡಿನ ಮತ್ತು ಪಶ್ಚಿಮದ ಮರುಭೂಮಿಯ ಪಿಂಟುಪಿ, ವಾರ್ಲ್ಪಿರಿ, ಅನ್ಮಟ್ಯೆರ್, ಲುರಿಟ್ಜಾ ಮೊದಲಾದ ಜನರವು.

ಈ ಕ್ಯಾನ್ವಾಸ್ ಚಿತ್ರಗಳು ಒಂದು ಶಾಲೆಯ ಚಿತ್ರಕಲೆಯ ತರಗತಿಯ ಪಕ್ಕದಲ್ಲೇ ಹುಟ್ಟಿದವೆಂಬುದನ್ನು ಪ್ರತಿ ಶಿಕ್ಷಕರೂ ತಿಳಿದಿರಬೇಕು. ಆಲಿಸ್ ಸ್ಪ್ರಿಂಗ್ಸ್‌ನಿಂದ ವಾಯವ್ಯಕ್ಕೆ ಸುಮಾರು 240 ಕಿ.ಮೀ. ದೂರದ ಪಾಪುನ್ಯಾಕ್ಕೆ 1971ರಲ್ಲಿ ಜೆಫ್ರಿ ಬಾರ್ಡನ್ ಶಿಕ್ಷಕರಾಗಿ ಬಂದರು. ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಬರೆಯುತ್ತಿದ್ದ ವಿನ್ಯಾಸಗಳನ್ನು ಕಂಡು, ಅವನ್ನೇ ಬಣ್ಣದಲ್ಲಿ ಬರೆಯಿರೆಂದು ಹುರಿದುಂಬಿಸಿದರು. ಶಾಲೆಯ ಗೋಡೆಯ ಮೇಲೆ ಚಿತ್ರ ಬರೆಯುವ ಕೆಲಸ ಮಾತ್ರ ಮಕ್ಕಳ ಪಾಲಿಗೆ ಬರಲಿಲ್ಲ. ಊರಿನ ಹಿರಿಯರು ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ಬರೆಯಬೇಕಿದ್ದದ್ದು ಜೇನಿರುವೆಯ ಕಥೆ. ಅದನ್ನು ಬರೆಯಲು ಯಾರಿಗೆ ಅಧಿಕಾರ, ಎಷ್ಟನ್ನು ಎಲ್ಲರೆದುರು ತೋರಿಸಬಹುದು ಎಂಬುದು ಹಿರಿಯರೇ ತೀರ್ಮಾನಿಸಬೇಕಾದ ಮಾತು. ಮರುವರ್ಷ ಕಲಾವಿದರ ಒಡೆತನದಲ್ಲೇ ‘ಪಾಪುನ್ಯಾ ತುಲಾ’ ಸಂಸ್ಥೆ ಶುರುವಾಯಿತು. ಮಕ್ಕಳಿಗೆ ಪಾಠ ಮಾಡಹೊರಟಾಗ ಈ ಚಳವಳಿ ಎದುರಿಸಿದ ಮೊದಲ ಪ್ರಶ್ನೆ ಹಕ್ಕಿನದು, ಬಣ್ಣದ್ದಲ್ಲ.

ಇನ್ನು ಚುಕ್ಕಿ. ರಂಗೋಲಿ ಬಲ್ಲವರು ಇಲ್ಲಿ ಎಡವುವುದು ಸಹಜ. ನಮ್ಮ ಅಂಗಳದಲ್ಲಿ ಚುಕ್ಕಿ ಮೊದಲು, ಎಳೆ ಆಮೇಲೆ. ಚುಕ್ಕಿಯ ಲೆಕ್ಕ ತಪ್ಪಿದರೆ ರಂಗೋಲಿಯೇ ಕೂಡುವುದಿಲ್ಲ. ಮರುಭೂಮಿಯ ಚಿತ್ರಕಾರರು ಸಾಮಾನ್ಯವಾಗಿ ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ, ಅದಕ್ಕೊಂದು ಬಣ್ಣ ಬಳಿದು, ಕಥೆಯ ಆಕೃತಿಗಳನ್ನು ಬರೆದು, ಆಮೇಲೆ ಸುತ್ತಲೂ ಚುಕ್ಕಿ ತುಂಬುತ್ತಾ ಹೋಗುತ್ತಾರೆ. ಚುಕ್ಕಿಯ ಬೇರು ಆಚರಣೆಯಲ್ಲಿದೆ. ಕೆಂಪು ಕಾವಿಯಲ್ಲೂ ಬಿಳಿ ಮಣ್ಣಿನಲ್ಲೂ ಕಲಸಿದ ಗಿಡದ ನಾರುಹತ್ತಿಯನ್ನು ಸಣ್ಣಸಣ್ಣ ಉಂಡೆ ಮಾಡಿ ನೆಲದ ಮೇಲೂ ಮೈಮೇಲೂ ಅಂಟಿಸಿ ವಿನ್ಯಾಸ ಬಿಡಿಸುತ್ತಿದ್ದರು. ಹಲಗೆಗೂ ಕ್ಯಾನ್ವಾಸಿಗೂ ಬಂದ ಮೇಲೆ ಚುಕ್ಕಿಗೆ ಹೊಸ ಕೆಲಸಗಳು ಸೇರಿದವು. ಜಾನಿ ವಾರಂಗುಲಾ 1972ರಲ್ಲಿ ಕಲಿಪಿನ್ಯ್ಪಾ ಎಂಬ ನೀರಿನ ತಾಣವನ್ನು ಬರೆದಾಗ, ಚುಕ್ಕಿಯ ಮೇಲೆ ಚುಕ್ಕಿ ಇಟ್ಟು ಮಳೆ ಬಿದ್ದು ಹಸಿರೊಡೆದ ನೆಲವನ್ನು ಕಣ್ಣಮುಂದೆ ತಂದರು. ಎಂಥ ಚಿತ್ರ ಅದು! ಮತ್ತೊಂದು ಕೆಲಸ ಮರೆಮಾಡುವುದು. ಮೊದಮೊದಲ ಹಲಗೆಗಳಲ್ಲಿ ದೀಕ್ಷೆ ಪಡೆದವರು ಮಾತ್ರ ನೋಡಬೇಕಾದ ಸಂಗತಿಗಳು ಬಯಲಾಗಿ ಕಂಡಾಗ ಅವರದೇ ಜನರಿಂದ ಆಕ್ಷೇಪ ಬಂತು. ಬಳಿಕ ಅಂಥವು ಚಿತ್ರದಿಂದ ಹಿಂದೆ ಸರಿದವು, ಚುಕ್ಕಿಯ ಹರವು ದಟ್ಟವಾಯಿತು. ಪವಿತ್ರವಾದುದಕ್ಕೆ ಪರದೆಯಾಗಿ ಬೆಳೆದ ಚುಕ್ಕಿಯನ್ನೇ ಆ ಕಲೆಯ ತಿರುಳೆಂದು ಮಕ್ಕಳಿಗೆ ಹೇಳಿಕೊಟ್ಟರೆ, ಪರದೆಯನ್ನು ತೋರಿಸಿ ಇದೇ ದೇವರು ಎಂದಂತಾಗುತ್ತದೆ.

ಎರಡನೆಯ ತೊಡಕು, ತರಗತಿಯಲ್ಲಿ ತೂಗುಹಾಕುವ ಚಿಹ್ನೆಗಳ ಪಟ್ಟಿ. ಕುದುರೆ ಲಾಳದ ಆಕಾರ ಎಂದರೆ ಕುಳಿತ ಮನುಷ್ಯ, ಒಂದರೊಳಗೊಂದು ವೃತ್ತ ಎಂದರೆ ನೀರಿನ ಗುಂಡಿ, ಹೀಗೆ. ಲಾಳದ ಗುರುತು ಮರಳಿನಲ್ಲಿ ಕುಳಿತೆದ್ದವರ ಅಚ್ಚಿನಿಂದ ಬಂದದ್ದು ನಿಜ. ಆದರೆ ಯುಎಂಡುಮುವಿನ ವಾರ್ಲ್ಪಿರಿ ಜನರ ನಡುವೆ 1950ರ ದಶಕದಲ್ಲಿ ಅಧ್ಯಯನ ನಡೆಸಿದ ನ್ಯಾನ್ಸಿ ಮನ್ ತೋರಿಸಿದಂತೆ, ಅದೇ ವೃತ್ತ ಒಂದು ಕಥೆಯಲ್ಲಿ ಬೀಡು, ಇನ್ನೊಂದರಲ್ಲಿ ಬೆಂಕಿ, ಮತ್ತೊಂದರಲ್ಲಿ ಗುಡ್ಡ. ಹೆಂಗಸರು ಮರಳಿನಲ್ಲಿ ಬರೆಯುತ್ತಾ, ಹೇಳುತ್ತಾ, ಅಂಗೈಯಿಂದ ಸವರಿ ಅಳಿಸಿ ಮುಂದಿನ ದೃಶ್ಯಕ್ಕೆ ಹೋಗುತ್ತಾರೆ. ಅರ್ಥ ಕೂಡಿಬರುವುದು ಆ ಹೇಳಿಕೆಯಲ್ಲಿ. ಕಥೆ ಬಿಟ್ಟು ಪಟ್ಟಿಯನ್ನಷ್ಟೇ ಕಲಿತ ಮಗು ಅಕ್ಷರ ಕಲಿತು ಭಾಷೆ ಕಲಿಯದಂತೆ.

ಈ ವಾದಕ್ಕೆ ಆಕ್ಷೇಪಗಳಿವೆ, ಕೆಲವು ಗಟ್ಟಿಯಾದವೇ. ನಕಲು ಮಾಡಿಯೇ ಅಲ್ಲವೇ ಎಲ್ಲರೂ ಚಿತ್ರ ಕಲಿಯುವುದು, ವ್ಯಾನ್ ಗೋನನ್ನು ನಕಲಿಸಬಹುದಾದರೆ ಇದನ್ನೇಕೆ ಬೇಡ ಎನ್ನುತ್ತಾರೆ. ವ್ಯಾನ್ ಗೋನ ಸೂರ್ಯಕಾಂತಿ ಯಾವ ಊರಿನ ಹಕ್ಕುಪತ್ರವೂ ಅಲ್ಲ. ಇಲ್ಲಿಯ ಚಿತ್ರ ಹಲವು ಸಲ ಅದೇ ಆಗಿದೆ. ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ 1997ರಲ್ಲಿ 8 ಮೀಟರ್ ಅಗಲ, 10 ಮೀಟರ್ ಉದ್ದದ ‘ನುರ್ರಾರಾ’ ಕ್ಯಾನ್ವಾಸನ್ನು ಬರೆದು, ಅದರಲ್ಲಿ ಬರೆದ ತಮ್ಮ ನೀರಿನ ತಾಣಗಳ ಮೇಲೇ ನಿಂತು, ಭೂಹಕ್ಕಿನ ನ್ಯಾಯಮಂಡಳಿಗೆ ಸಾಕ್ಷಿ ಹೇಳಿದರು. 2007ರಲ್ಲಿ ಹಕ್ಕು ಮಾನ್ಯವಾಯಿತು. ಈ ಚಿತ್ರಗಳಲ್ಲಿ ಅಕ್ರಿಲಿಕ್ ಬಣ್ಣದ ಬಳಕೆಯೇ 1971ರ ಈಚಿನದು, ಅಂದಮೇಲೆ ಇದೆಂಥ ಪರಂಪರೆ ಎಂಬುದು ಇನ್ನೊಂದು ಮಾತು. ಬಣ್ಣ ಹೊಸದು, ಕಥೆ ಹಳೆಯದು. ಹಕ್ಕು ಅಂಟಿಕೊಂಡಿರುವುದು ಕಥೆಗೆ. ಬಂಡುಕ್ ಮರಿಕಾ ಮತ್ತಿತರ ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ಕೇಳದೆ ವಿಯೆಟ್ನಾಮಿನಲ್ಲಿ ನೆಲಗಂಬಳಿಗೆ ನೇಯಿಸಿದಾಗ, ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 1994ರಲ್ಲಿ ಕಲಾವಿದರ ಪರ ತೀರ್ಪಿತ್ತಿತು. ತನ್ನ ಒಪ್ಪಿಗೆಯಿಲ್ಲದೆ ನಡೆದ ನಕಲಿಗೂ ಕುಲದೆದುರು ಕಲಾವಿದೆಯೇ ಉತ್ತರ ಹೇಳಬೇಕಾಗುತ್ತದೆ ಎಂಬ ಸಂಗತಿ ಆ ವಿಚಾರಣೆಯಲ್ಲಿ ಹೊರಬಂತು.

ಎಲ್ಲಕ್ಕಿಂತ ತೂಕದ ಆಕ್ಷೇಪ ಮೂರನೆಯದು. ಇಷ್ಟೆಲ್ಲ ಹೇಳಿದರೆ ಶಿಕ್ಷಕರು ಹೆದರಿ ಈ ಪಾಠವನ್ನೇ ಕೈಬಿಟ್ಟಾರು. ಹಾಗಾದರೆ ಅದು ನಕಲಿಗಿಂತ ದೊಡ್ಡ ನಷ್ಟ. ಕೈಬಿಡಬೇಕಿಲ್ಲ, ಕ್ರಮ ಬದಲಾಯಿಸಿದರೆ ಸಾಕು. ಮೊದಲು ನೋಡುವುದು: ಒಬ್ಬ ಚಿತ್ರಕಾರರ ಒಂದೇ ಚಿತ್ರ, ಅವರ ಹೆಸರು, ಜನ, ಊರು, ಇಸವಿ ಸಮೇತ. ಅವರೇ ಹೊರಗಿನವರಿಗೆ ಹೇಳಿದ ಕಥೆ ಎಷ್ಟೋ ಅಷ್ಟೇ, ಅದಕ್ಕೆ ನಮ್ಮದನ್ನು ಸೇರಿಸಬಾರದು. ಆಮೇಲೆ ಮಕ್ಕಳು ಹಾಳೆಯನ್ನು ನೆಲಕ್ಕೆ ಹಾಸಿ ಸುತ್ತ ಕುಳಿತು, ಮನೆಯಿಂದ ಶಾಲೆಯ ದಾರಿಯನ್ನು ಮೇಲಿನಿಂದ ಕಂಡಂತೆ ಬರೆಯಲಿ. ಗುರುತುಗಳನ್ನು ಅವರೇ ಕಟ್ಟಿಕೊಳ್ಳಲಿ, ಕಥೆ ಹೇಳುತ್ತಾ ಬರೆಯಲಿ, ಬೇರೆಯವರಿಗೆ ಹೇಳಬಾರದ ಒಂದು ಜಾಗವನ್ನು ತಮ್ಮದೇ ಉಪಾಯದಿಂದ ಮುಚ್ಚಲಿ. ಆಗ ಯಾವುದೋ ಮಗುವಿಗೆ ಚುಕ್ಕಿ ಬೇಕೆನಿಸಿದರೆ ಧಾರಾಳವಾಗಿ ಇಡಲಿ. ಚುಕ್ಕಿ ಯಾರೊಬ್ಬರ ಸ್ವತ್ತೂ ಅಲ್ಲ. ಆ ನಾಡಿನಲ್ಲಿರುವ ಶಾಲೆಗಳು ಸ್ಥಳೀಯ ಮೂಲನಿವಾಸಿ ಕಲಾವಿದರನ್ನು ತಕ್ಕ ಸಂಭಾವನೆ ಕೊಟ್ಟು ಕರೆಸಬೇಕು.

ಮುಂದೆ ಓದಲು ಬಯಸುವ ಶಿಕ್ಷಕರು ಯುಎಂಡುಮು ಶಾಲೆಯ ಬಾಗಿಲುಗಳಿಂದ ಶುರುಮಾಡಲಿ ಎಂಬುದು ನನ್ನ ಕಳಕಳಿಯ ಬೇಡಿಕೆ. 1983ರಲ್ಲಿ ಅಲ್ಲಿನ ವಾರ್ಲ್ಪಿರಿ ಹಿರಿಯರು ಶಾಲೆಯ 30 ಬಾಗಿಲುಗಳ ಮೇಲೆ ತಮ್ಮ ನೆಲದ ಕಥೆಗಳನ್ನು, ಅವರ ಮಾತಿನಲ್ಲಿ ‘ಜುಕುರ್ಪ’ವನ್ನು, ತಾವೇ ಬರೆದರು. ಮಕ್ಕಳು ಕುಂಚ ಹಿಡಿಯಲಿಲ್ಲ. ದಿನವೂ ಆ ಬಾಗಿಲುಗಳನ್ನು ತಳ್ಳಿಕೊಂಡು ತರಗತಿಗೆ ಹೋದರು. ಹನ್ನೆರಡು ವರ್ಷ ಬಿಸಿಲು, ಧೂಳು, ಮಕ್ಕಳ ಕೈಗೆ ಒಡ್ಡಿಕೊಂಡ ಆ ಬಾಗಿಲುಗಳನ್ನು 1995ರಲ್ಲಿ ಸೌತ್ ಆಸ್ಟ್ರೇಲಿಯನ್ ಮ್ಯೂಸಿಯಂ ತನ್ನ ಸಂಗ್ರಹಕ್ಕೆ ತೆಗೆದುಕೊಂಡಿತು.