ಬಣ್ಣ ಹೋಯಿತು, ವಿಷ ಹೋಯಿತೇ?

ಬಟ್ಟೆಯ ಬಣ್ಣ ಬಿಸಿಲಿಗೆ ಮಾಸಬಾರದು, ಸೋಪಿಗೆ ಬಿಡಬಾರದು, ಬೆವರಿಗೆ ಇಳಿಯಬಾರದು. ಅಂಗಡಿಯಲ್ಲಿ ನಾವು ಕೇಳುವುದೇ ಅಂಥ ಗಟ್ಟಿ ಬಣ್ಣವನ್ನು. ಆದರೆ ಹತ್ತಿಗೆ ಬಣ್ಣ ಕಟ್ಟುವ ತೊಟ್ಟಿಗೆ ಸುರಿದದ್ದೆಲ್ಲ ನೂಲಿಗೆ ಹಿಡಿಯುವುದಿಲ್ಲ. ಒಂದು ಪಾಲು ನೀರಿನೊಂದಿಗೇ ವರ್ತಿಸಿ ಕೆಟ್ಟು, ರಾಶಿ ಉಪ್ಪಿನ ಸಮೇತ ಹೊರಗೆ ಹರಿಯುತ್ತದೆ. ಬಿಸಿಲಿಗೆ ಜಗ್ಗದ ಬಣ್ಣ ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾಗಳಿಗೂ ಸುಲಭಕ್ಕೆ ಜಗ್ಗದು. ಕಾವೇರಿಯ ಉಪನದಿ ನೊಯ್ಯಲ್ ತಿರುಪ್ಪೂರಿನಲ್ಲಿ ಹೀಗೇ ಕೆಟ್ಟಿತು. ಕೊನೆಗೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಡೈಯಿಂಗ್ ಘಟಕಗಳನ್ನು ಮುಚ್ಚಿಸಬೇಕಾಯಿತು.

ಇಂಥ ನೀರಿಗೆ ಲೋಹದ ನ್ಯಾನೊಕಣಗಳೇ ಮದ್ದು ಎಂಬ ಸುದ್ದಿ ಆಗಾಗ ಬರುತ್ತದೆ. ಪ್ರಯೋಗಾಲಯದಲ್ಲಿ ಕಣ್ಣಾರೆ ಕಂಡವರು ನಂಬದಿರುವುದು ಕಷ್ಟ. ಮೆಥಿಲೀನ್ ಬ್ಲೂ ಕರಗಿಸಿದ ಕಡುನೀಲಿ ನೀರಿಗೆ ಸೋಡಿಯಂ ಬೋರೋಹೈಡ್ರೈಡ್ ಹಾಕಿದರೆ ಬಣ್ಣ ಬಲು ನಿಧಾನವಾಗಿ ಇಳಿಯುತ್ತದೆ. ಅದಕ್ಕೆ ಬೆಳ್ಳಿಯ ನ್ಯಾನೊಕಣಗಳಿರುವ ಹಳದಿ ದ್ರವದ ಕೆಲವು ಹನಿ ಬಿಟ್ಟರೆ ನಿಮಿಷಗಳಲ್ಲೇ ನೀರು ತಿಳಿ. ಬೋರೋಹೈಡ್ರೈಡ್ ಕೊಡುವ ಎಲೆಕ್ಟ್ರಾನುಗಳನ್ನು ಬೆಳ್ಳಿಯ ಮೈ ಪಡೆದು, ಪಕ್ಕದಲ್ಲೇ ಅಂಟಿ ಕೂತ ಬಣ್ಣದ ಅಣುವಿಗೆ ದಾಟಿಸುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಲೋಹದ ತೂಕವಲ್ಲ, ಮೈಯ ವಿಸ್ತೀರ್ಣ. ಒಂದು ಸೆಂಟಿಮೀಟರ್ ಘನವೊಂದರ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 600 ಚದರ ಮೀಟರ್!

ಈಗ ಆ ತಿಳಿನೀರನ್ನು ಹಾಗೇ ಬಿಡಿ. ಬೋರೋಹೈಡ್ರೈಡ್ ಮುಗಿದ ಮೇಲೆ ಸೀಸೆಯನ್ನು ಚೆನ್ನಾಗಿ ಕುಲುಕಿದರೆ ಗಾಳಿಯ ಆಮ್ಲಜನಕ ಸೇರಿ ನೀಲಿ ಮರಳಬಹುದು. ಮೆಥಿಲೀನ್ ಬ್ಲೂ ನಾಶವಾಗಿರಲಿಲ್ಲ, ಎಲೆಕ್ಟ್ರಾನು ಪಡೆದು ಬಣ್ಣವಿಲ್ಲದ ರೂಪಕ್ಕೆ ಹೋಗಿತ್ತು ಅಷ್ಟೆ. ಈ ನೀಲಿ ಬಣ್ಣ ಹೀರುವ 664 ನ್ಯಾನೊಮೀಟರಿನ ಬೆಳಕನ್ನು ನೀರು ಹೀರುವುದು ನಿಂತಿತೆಂದು ತೋರಿಸುವ ನಕ್ಷೆಯನ್ನೇ ಶುದ್ಧೀಕರಣದ ಸಾಕ್ಷಿಯೆಂದು ಮುಂದಿಡುವುದು ನನಗೆ ಒಪ್ಪಿಗೆಯಿಲ್ಲ. ಅಜೋ ಬಣ್ಣಗಳಲ್ಲಿ ಅಪಾಯ ಇನ್ನೂ ಹೆಚ್ಚು. ಅವುಗಳ ಅಣುವಿನಲ್ಲಿ ಎರಡು ನೈಟ್ರೋಜನ್ ಪರಮಾಣುಗಳ ನಡುವಿನ ಕೊಂಡಿ ಕಡಿದರೆ ಬಣ್ಣ ಹೋಗುತ್ತದೆ, ಆದರೆ ಅಮೈನುಗಳೆಂಬ ತುಣುಕುಗಳು ಉಳಿಯುತ್ತವೆ. ಕಾಂಗೋ ರೆಡ್ ಎಂಬ ಅಜೋ ಬಣ್ಣ ಹೀಗೆ ಒಡೆದರೆ ಹುಟ್ಟುವುದು ಬೆಂಜಿಡೀನ್ ಎಂಬ ಅಮೈನು. ಅದು ಮನುಷ್ಯರಲ್ಲಿ ಮೂತ್ರಕೋಶದ ಕ್ಯಾನ್ಸರ್ ತರುತ್ತದೆಂದು ಸಾಬೀತಾಗಿದೆ. ಕೆಂಪು ನೀರಿಗೆ ಜನ ಹೆದರಿ ದೂರ ನಿಲ್ಲುತ್ತಾರೆ, ತಿಳಿನೀರಿಗೆ ಹೆದರುವವರು ಯಾರು?

ಆದ್ದರಿಂದ ಅಣುವನ್ನು ಪೂರ್ತಿ ಸುಡುವ ದಾರಿಯೇ ನನಗೆ ಹೆಚ್ಚು ಭರವಸೆ ಕೊಡುತ್ತದೆ. ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದರೆ ಸಾವಯವ ವಸ್ತು ಉತ್ಕರ್ಷಣಗೊಳ್ಳುತ್ತದೆಂದು ರಸಾಯನಶಾಸ್ತ್ರಜ್ಞ ಫೆಂಟನ್ 1894ರಲ್ಲೇ ಪ್ರಕಟಿಸಿದ್ದರು. ಅಲ್ಲಿ ಹುಟ್ಟುವ, ಎದುರಾದುದರಿಂದ ಎಲೆಕ್ಟ್ರಾನು ಕಿತ್ತುಕೊಳ್ಳುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬಣ್ಣದ ಅಣುವಿನ ಉಂಗುರಗಳನ್ನೇ ಮುರಿಯುತ್ತದೆ. ಕ್ರಿಯೆ ಕೊನೆ ಮುಟ್ಟಿದರೆ ಇಂಗಾಲವೆಲ್ಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆದರೆ ನೀರನ್ನು ಪಿಎಚ್ 3ರ ಆಸುಪಾಸಿಗೆ ಹುಳಿ ಮಾಡಬೇಕು, ಆಮೇಲೆ ಕಬ್ಬಿಣದ ಕೆಸರು ಎತ್ತಬೇಕು. ಕರಗಿದ ಕಬ್ಬಿಣದ ಬದಲು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ನ್ಯಾನೊಕಣ ಬಳಸಿದರೆ ಕೆಸರು ಕಡಿಮೆ. ಕೆಲಸ ಮುಗಿದ ಮೇಲೆ ಅಯಸ್ಕಾಂತ ಹಿಡಿದು ಕಣಗಳನ್ನು ಒಂದೆಡೆ ಸೆಳೆದು ಮತ್ತೆ ಬಳಸಬಹುದು. ಕಬ್ಬಿಣ ಅಗ್ಗ ಎಂಬುದೂ ಸಣ್ಣ ಮಾತಲ್ಲ. ಅತ್ತ ಬೆಳ್ಳಿ ಸೋರಿದರೆ ಮುಂದಿನ ತೊಟ್ಟಿಯಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳನ್ನೇ ಕೊಲ್ಲಬಲ್ಲದು.

ಕಾರ್ಖಾನೆಯ ನೀರು ಬೀಕರಿನ ನೀರಿನಂತಿರುವುದಿಲ್ಲ. ಅದರಲ್ಲಿನ ಉಪ್ಪಿನ ಕ್ಲೋರೈಡ್ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಬಣ್ಣ ತಲುಪುವ ಮೊದಲೇ ಕಬಳಿಸುತ್ತದೆ. ಗಂಜಿ, ಸೋಪು ಕಣಗಳ ಮೈಗೆ ಮೆತ್ತಿಕೊಳ್ಳುತ್ತವೆ. ಹಾಗಾಗಿ ಹೊಸ ಕಣವೊಂದು ಬಂದಾಗ ನಿಜವಾದ ತ್ಯಾಜ್ಯದಲ್ಲಿ ಎಷ್ಟು ಸುತ್ತು ದುಡಿಯಿತು, ಎಷ್ಟು ಲೋಹ ಸೋರಿತು, ನೀರಿನಲ್ಲಿ ಒಟ್ಟು ಸಾವಯವ ಇಂಗಾಲ ಎಷ್ಟು ಉಳಿಯಿತು ಎಂದು ಕೇಳಬೇಕು. ಪೂರ್ತಿ ಸುಡಲು ಪೆರಾಕ್ಸೈಡ್ ಖರ್ಚು ವಿಪರೀತವಾದರೆ ಇನ್ನೊಂದು ಉಪಾಯವಿದೆ: ಗಟ್ಟಿ ಅಣುಗಳನ್ನು ಕಬ್ಬಿಣದ ಕಣಗಳಿಂದ ಅರ್ಧ ಮುರಿದು, ಉಳಿದ ಸಣ್ಣ ಆಮ್ಲಗಳನ್ನು ಬ್ಯಾಕ್ಟೀರಿಯಾಗಳ ತೊಟ್ಟಿಗೆ ಬಿಡುವುದು. ಆ ಆಮ್ಲಗಳನ್ನು ಬ್ಯಾಕ್ಟೀರಿಯಾಗಳು ಸಲೀಸಾಗಿ ತಿನ್ನುತ್ತವೆ.