ಊಟಕ್ಕೆ ಮುಂಚಿನ ಸ್ತೋತ್ರ

1637ರಲ್ಲಿ, ಒಂದೇ ವರ್ಷದಲ್ಲಿ, ಮಾರ್ಟಿನ್ ರಿಂಕಾರ್ಟ್ ಎಂಬ ಸಭಾಪಾಲಕರು ಸುಮಾರು 4480 ಜನರ ಶವಸಂಸ್ಕಾರ ನಡೆಸಿದರು. ಕೆಲವು ದಿನ ನಲವತ್ತು, ಕೆಲವು ದಿನ ಐವತ್ತು. ಹಾಗೆ ಮಣ್ಣು ಮಾಡಿದವರಲ್ಲಿ ಅವರ ಹೆಂಡತಿಯೂ ಒಬ್ಬಳು. ಊರು ಜರ್ಮನಿಯ ಸ್ಯಾಕ್ಸನಿ ಸೀಮೆಯ ಐಲೆನ್‌ಬುರ್ಗ್. ಲೈಪ್‌ಜಿಗ್ ನಗರಕ್ಕೆ ಹೆಚ್ಚು ದೂರವಿಲ್ಲದ, ಮುಲ್ಡೆ ನದಿಯ ದಂಡೆಯ ಪುಟ್ಟ ಕೋಟೆ ಊರು.

ಆದರೆ ಕ್ರೈಸ್ತ ಸಭೆ ಅವರನ್ನು ಇಂದಿಗೂ ನೆನೆಯುವುದು ಬೇರೊಂದು ಕಾರಣಕ್ಕೆ. ದೇವರಿಗೆ ಕೃತಜ್ಞತೆ ಸಲ್ಲಿಸುವ ಹಾಡುಗಳಲ್ಲಿ ಬಹುಶಃ ಅತಿ ಹೆಚ್ಚು ದೇಶಗಳನ್ನು ಸುತ್ತಿದ ‘ನುನ್ ಡಂಕೆಟ್ ಆಲ್ಲೆ ಗಾಟ್’ ಬರೆದವರು ಇವರೇ. ಬೆಂಗಳೂರಿನ ಇಂಗ್ಲಿಷ್ ಆರಾಧನೆಗಳಲ್ಲಿ ಕ್ಯಾಥರೀನ್ ವಿಂಕ್‌ವರ್ತ್ ಅವರ ಅನುವಾದದಲ್ಲಿ ಈ ಹಾಡು ಕೇಳಿಸುತ್ತದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದು, ಆಮೇಲೆ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೆ ಬಂದ ಬಾಸೆಲ್ ಮಿಶನ್ನಿನವರು ಇಂಥ ಜರ್ಮನ್ ರಾಗಗಳನ್ನೇ ನಮ್ಮ ಬಾಯಿಗೆ ಕೊಟ್ಟರು. ಜೋಳದ ಹೊಲದಿಂದ ನೇರ ಬಂದು ಗುಡಿಯಲ್ಲಿ ಕೂತ ನಮ್ಮ ಅಜ್ಜಂದಿರು ಆ ರಾಗಗಳನ್ನು ನಾಲ್ಕು ಧ್ವನಿಯಲ್ಲಿ ಹಾಡುತ್ತಿದ್ದರು. ಹೀಗಾಗಿ ರಿಂಕಾರ್ಟ್ ನನಗೆ ದೂರದವರು ಅನ್ನಿಸಿದ್ದೇ ಇಲ್ಲ. ಸಭಾಪಾಲಕನಾದ ನನ್ನ ಸೇವೆಯ ಕಷ್ಟದ ದಿನಗಳಲ್ಲಿ ಮತ್ತೆ ಮತ್ತೆ ಅವರ ಬದುಕನ್ನೇ ಓದಿದ್ದೇನೆ.

ಅವರು ಹುಟ್ಟಿದ್ದು ಅದೇ ಊರಿನಲ್ಲಿ, 1586ರಲ್ಲಿ. ತಂದೆ ಮರದ ಪೀಪಾಯಿ ಮಾಡುವ ಕಸುಬಿನವರು. ಹುಡುಗ ಲೈಪ್‌ಜಿಗ್‌ನ ಸಂತ ತೋಮಸರ ಶಾಲೆಯಲ್ಲಿ ಹಾಡು ಕಲಿತ, ದೇವಶಾಸ್ತ್ರ ಓದಿದ. 1617ರಲ್ಲಿ ಹುಟ್ಟೂರಿಗೇ ಸಭಾಪಾಲಕರಾಗಿ ಬಂದರು. ಮರುವರ್ಷವೇ ಮೂವತ್ತು ವರ್ಷಗಳ ಯುದ್ಧ ಶುರುವಾಯಿತು. ಆ ಯುದ್ಧ ಮುಗಿದದ್ದು 1648ರ ಅಕ್ಟೋಬರಿನಲ್ಲಿ, ಅವರು ತೀರಿಕೊಂಡದ್ದು 1649ರ ಡಿಸೆಂಬರ್ 8ರಂದು. ಅಂದರೆ ಆ ಊರಿನ ಅವರ ಸೇವೆ ಹೆಚ್ಚುಕಡಿಮೆ ಎಲ್ಲ ಯುದ್ಧದೊಳಗೇ ಕಳೆಯಿತು. ಅವರ ಮನೆಯಲ್ಲಿ ಸೈನಿಕರು ಬೀಡು ಬಿಡುತ್ತಿದ್ದರು, ದವಸ ಧಾನ್ಯ ಬಾಚಿಕೊಂಡು ಹೋಗುತ್ತಿದ್ದರು.

ಕೋಟೆ ಇದ್ದ ಊರಾದ್ದರಿಂದ ಸುತ್ತಲಿನ ಹಳ್ಳಿಗಳ ಜನ ಜೀವ ಉಳಿಸಿಕೊಳ್ಳಲು ಅಲ್ಲಿಗೇ ಓಡಿ ಬಂದರು. ಇಕ್ಕಟ್ಟಿನಲ್ಲಿ ಬೇನೆ ಹಬ್ಬಿತು. 1637ರ ಪಿಡುಗಿನಲ್ಲಿ ಸತ್ತವರು ಒಟ್ಟು ಎಂಟು ಸಾವಿರದಷ್ಟು. ಹಿರಿಯ ಸಭಾಪಾಲಕರು ಊರು ಬಿಟ್ಟು ಹೋದರು. ಉಳಿದ ಇಬ್ಬರನ್ನು ಬೇನೆ ಕೊಂದಿತು. ಅವರಿಗೂ ಕೊನೆಯ ಪ್ರಾರ್ಥನೆ ಹೇಳಿದವರು ರಿಂಕಾರ್ಟರೇ. ಕಡೆಕಡೆಗೆ ಒಂದೊಂದು ಹೆಣಕ್ಕೂ ಪ್ರಾರ್ಥನೆ ಹೇಳಲು ಆಗದೆ ಉದ್ದನೆಯ ಕಂದಕ ತೋಡಿ ಹೂಳಬೇಕಾಯಿತು. ಆ ಹಿರಿಯರು ಹೋದದ್ದನ್ನು ತೀರ್ಪು ಮಾಡಲು ನನಗೆ ಮನಸ್ಸಿಲ್ಲ. ಭಯ ಯಾರಿಗಿಲ್ಲ? ಆದರೂ ಉಳಿದವರೊಬ್ಬರಿದ್ದರು ಎಂಬುದನ್ನು ಹೇಳಲೇಬೇಕು.

ಉಳಿಯುವ ಮಾತು ಬಂದಾಗ ಮತಸುಧಾರಕ ಮಾರ್ಟಿನ್ ಲೂಥರ್ ನೆನಪಾಗುತ್ತಾರೆ. 1527ರಲ್ಲಿ ವಿಟೆನ್‌ಬರ್ಗ್‌ಗೆ ಪ್ಲೇಗು ಬಂದಾಗ ವಿಶ್ವವಿದ್ಯಾಲಯವನ್ನೇ ಯೇನಾ ಪಟ್ಟಣಕ್ಕೆ ಸಾಗಿಸಿದರು. ಲೂಥರ್ ಹೋಗಲಿಲ್ಲ. ಹೆಂಡತಿ ಕಾಥರೀನಾ ಬಸುರಿ; ಆದರೂ ಅವರ ಮನೆಯೇ ಆಸ್ಪತ್ರೆಯಾಯಿತು. ‘ಪ್ಲೇಗು ಬಂದಾಗ ಕ್ರೈಸ್ತನು ಓಡಿಹೋಗಬಹುದೇ’ ಎಂದು ಬ್ರೆಸ್ಲಾವಿನ ಪಾದ್ರಿಗಳು ಕೇಳಿದ ಪ್ರಶ್ನೆಗೆ ಅವರು ಆಗಲೇ ಒಂದು ಉದ್ದದ ಪತ್ರದಲ್ಲಿ ಉತ್ತರ ಕೊಟ್ಟರು. ಹೊಣೆ ಇಲ್ಲದವರು ಹೋದರೆ ತಪ್ಪಿಲ್ಲ, ಜೀವ ಉಳಿಸಿಕೊಳ್ಳುವುದು ಸಹಜ. ಆದರೆ ಸಭಾಪಾಲಕ, ಊರಿನ ಅಧಿಕಾರಿ, ನೆರೆಯವನ ಆರೈಕೆಯ ಹೊಣೆ ಹೊತ್ತವನು, ಇವರು ಬಿಟ್ಟು ಹೋಗುವಂತಿಲ್ಲ ಎಂಬುದು ಅದರ ತಿರುಳು. ಅದೇ ಪತ್ರದಲ್ಲಿ ಇನ್ನೊಂದು ಮಾತೂ ಇದೆ: ಔಷಧಿ ತೆಗೆದುಕೊಳ್ಳಿ, ಮನೆಗೆ ಹೊಗೆ ಹಾಕಿ, ನಿಮ್ಮ ಅಗತ್ಯವಿಲ್ಲದ ಕಡೆ ಹೋಗಬೇಡಿ. ಔಷಧಿ ಬೇಡವೆಂದು ಹಟ ಹಿಡಿಯುವುದು ದೇವರನ್ನು ಪರೀಕ್ಷಿಸಿದಂತೆ ಎಂದು ಅವರು ಖಂಡಿತವಾಗಿ ಹೇಳಿದ್ದಾರೆ. ಸುಮಾರು ಐದು ಶತಮಾನ ಕಳೆದ ಮೇಲೆ, 2020ರ ಕೋವಿಡ್ ದಿನಗಳಲ್ಲಿ, ಪ್ರಾರ್ಥನೆ ಇದ್ದರೆ ಮಾಸ್ಕ್ ಯಾಕೆ ಎಂದು ಕೇಳಿದ ವಿಶ್ವಾಸಿಗಳಿಗೆ ನಾನು ಈ ಪತ್ರದ ಸಾರವನ್ನೇ ಹೇಳುತ್ತಿದ್ದೆ. ನಂಬಿಕೆ ಅಂದರೆ ಎಚ್ಚರ ತಪ್ಪುವುದಲ್ಲ.

2021ರ ಏಪ್ರಿಲ್, ಮೇ ತಿಂಗಳು ನಮ್ಮ ಕಡೆಯ ಯಾವ ಸಭಾಪಾಲಕನೂ ಮರೆಯಲಾರ. ಪಿಪಿಇ ಕಿಟ್ಟಿನೊಳಗೆ ಬೆವರಿ, ಕನ್ನಡಕಕ್ಕೆ ಮಂಜು ಹಿಡಿದು ಸತ್ಯವೇದದ ಅಕ್ಷರ ಕಾಣದೆ, ಬಾಯಿಪಾಠ ಇದ್ದಷ್ಟನ್ನೇ ಹೇಳಿದ್ದುಂಟು. ಮನೆಯವರು ಸ್ಮಶಾನದ ಗೇಟಿನ ಹೊರಗೆ ನಿಂತಿರುತ್ತಿದ್ದರು. ಒಂದು ಹಿಡಿ ಮಣ್ಣು ಹಾಕಲೂ ಅವರಿಗೆ ಆಗುತ್ತಿರಲಿಲ್ಲ. ದೇಹ ಹೊತ್ತು ತಂದ ಹುಡುಗರು ಅವರ ಹೆಸರಿನಲ್ಲಿ ಹಾಕುತ್ತಿದ್ದರು.

ಆ ದಿನಗಳಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆ ಸಾವಿನದಲ್ಲ, ಸ್ತೋತ್ರದ್ದು. ಯಾವ ಬಾಯಿಂದ ಈ ಜನಕ್ಕೆ ‘ಕರ್ತನಿಗೆ ಸ್ತೋತ್ರ ಹೇಳಿರಿ’ ಅನ್ನುವುದು?

ರಿಂಕಾರ್ಟರ ಬಗ್ಗೆ ಸಾಮಾನ್ಯವಾಗಿ ಹೇಳುವ ಕಥೆ ಇಲ್ಲಿ ನೆರವಿಗೆ ಬರುವಂತಿದೆ. ಹೆಣಗಳ ರಾಶಿಯ ನಡುವೆ, ಹೆಂಡತಿಯನ್ನು ಕಳೆದುಕೊಂಡ ರಾತ್ರಿ ಕೂತು ಅವರು ಈ ಹಾಡು ಬರೆದರಂತೆ. ನಾನೂ ಇದನ್ನು ಅನೇಕ ಪ್ರಸಂಗಗಳಲ್ಲಿ ಕೇಳಿದ್ದೇನೆ. ಆದರೆ ಸ್ತೋತ್ರಗಳ ಇತಿಹಾಸ ಬಲ್ಲವರು ಹೇಳುವುದು ಬೇರೆ. ಈ ಹಾಡು ಮೊದಲು ಬಂದದ್ದು 1636ರ ಒಂದು ಪ್ರಾರ್ಥನಾ ಪುಸ್ತಿಕೆಯಲ್ಲಿ ಎನ್ನುತ್ತಾರೆ ಅವರು, ಅಂದರೆ ಪಿಡುಗಿಗೆ ಮುಂಚೆ. ಅದನ್ನು ರಿಂಕಾರ್ಟ್ ಬರೆದದ್ದು ಮನೆಯಲ್ಲಿ ಊಟದ ಹೊತ್ತಿಗೆ ಹೇಳುವ ಪುಟ್ಟ ಪ್ರಾರ್ಥನೆಯಾಗಿ ಎಂದೂ ಹೇಳುತ್ತಾರೆ. ಮೊದಲೆರಡು ಚರಣಗಳ ಮೂಲ ಸಿರಾಖ ಎಂಬ ಗ್ರಂಥದ ಐವತ್ತನೇ ಅಧ್ಯಾಯ. ಕಥೋಲಿಕರ ಬೈಬಲಿನಲ್ಲಿ ಅದು ಇದೆ, ನಾವು ಪ್ರಾಟೆಸ್ಟೆಂಟರು ಓದುವ ಕನ್ನಡ ಸತ್ಯವೇದದಲ್ಲಿ ಇಲ್ಲ. ಕೈ, ಬಾಯಿ, ಹೃದಯಗಳಿಂದ ದೇವರನ್ನು ಕೊಂಡಾಡುವುದು ಮೊದಲ ಚರಣ, ಸಮಾಧಾನ ಕೊಡು, ಕಷ್ಟದಿಂದ ಬಿಡಿಸು ಎಂದು ಬೇಡುವುದು ಎರಡನೆಯದು, ತ್ರಿಯೇಕ ದೇವರಿಗೆ ಮಹಿಮೆ ಸಲ್ಲಿಸುವುದು ಮೂರನೆಯದು.

ಹೆಣಗಳ ನಡುವೆ ಬರೆದ ಹಾಡೆಂಬ ಕಥೆ ಕೈಬಿಟ್ಟುಹೋದರೆ ಏನೋ ಕಳೆದುಹೋಯಿತೆಂದು ಕೆಲವರಿಗೆ ಬೇಸರವಾಗುತ್ತದೆ. ನನಗೆ ಮಾತ್ರ ನಿಜವೇ ಹೆಚ್ಚು ದೊಡ್ಡದು. ರಿಂಕಾರ್ಟ್ ಸಂಕಟದ ನಡುವೆ ಕೃತಜ್ಞತೆಯನ್ನು ಹುಡುಕಲು ಹೋಗಲಿಲ್ಲ. ಮಕ್ಕಳ ಜೊತೆ ಊಟಕ್ಕೆ ಕೂತಾಗ, ಬ್ರೆಡ್ಡೋ ಗಂಜಿಯೋ ಎದುರಿಗಿದ್ದಾಗ, ದಿನಾ ಹೇಳುತ್ತಿದ್ದದ್ದು ಅದು. ಸಂಕಟ ಬಂದಾಗ ಅದು ಆಗಲೇ ಮನೆಯಲ್ಲಿತ್ತು.

ಇದರ ಅರ್ಥ ನನಗೆ ಪೂರ್ತಿ ತಿಳಿದದ್ದು 2021ರ ಮಳೆಗಾಲದಲ್ಲಿ, ಒಂದು ಮನೆಯಲ್ಲಿ. ದುಡಿಯುವ ಮಗನನ್ನು ಕೋವಿಡ್ ಒಯ್ದಿತ್ತು. ಕ್ವಾರಂಟೈನ್ ಮುಗಿದ ಮೇಲೆ ಭೇಟಿಗೆ ಹೋದೆ. ಪ್ರಾರ್ಥನೆ ಆಯಿತು, ಹೊರಡಲು ಎದ್ದೆ. “ಪಾಸ್ಟರ್, ಹಂಗ ಹೋಗಬ್ಯಾಡ್ರಿ, ಎರಡು ತುತ್ತು ಉಂಡು ಹೋಗ್ರಿ” ಅಂದರು ಮನೆಯ ಅಜ್ಜ. ಸೊಸೆ ಬಿಸಿ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟಳು. ಪ್ರಾರ್ಥನೆ ನಾನು ಮಾಡಬೇಕೆಂದು ಎಲ್ಲರೂ ನನ್ನ ಕಡೆ ನೋಡುವಷ್ಟರಲ್ಲಿ ಅವಳ ಪುಟ್ಟ ಮಗಳು ಕೈ ಜೋಡಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ ತನ್ನ ದಿನದ ರೂಢಿಯಂತೆ ಶುರು ಮಾಡಿಬಿಟ್ಟಳು: “ಕರ್ತನೇ, ಈ ಊಟಕ್ಕ ಸ್ತೋತ್ರ. ಅಡಿಗಿ ಮಾಡಿದ ಅವ್ವನ ಸಲುವಾಗಿ ಸ್ತೋತ್ರ. ದುಡದು ತಂದ ಅಪ್ಪನ ಸಲುವಾಗಿ ಸ್ತೋತ್ರ.” ಅವ್ವನ ಕೈ ರೊಟ್ಟಿಯ ಬುಟ್ಟಿಯ ಮೇಲೆ ಹಾಗೇ ನಿಂತಿತು. ಯಾರೂ ತಿದ್ದಲಿಲ್ಲ. ಅಜ್ಜ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ‘ಆಮೆನ್’ ಅಂದರು. ಆಮೇಲೆ ಎಲ್ಲರೂ ಉಂಡೆವು.

ಆ ಮನೆಯವರಿಗೆ ಸಿಟ್ಟು ಇರಲಿಲ್ಲವೆಂದಲ್ಲ. ಆಕ್ಸಿಜನ್ ಸಿಗದ ರಾತ್ರಿಯ ಬಗ್ಗೆ ಅಜ್ಜ ಇವತ್ತಿಗೂ ಕಣ್ಣು ಕೆಂಪಗೆ ಮಾಡಿಕೊಂಡೇ ಮಾತಾಡುತ್ತಾರೆ. ಸ್ತೋತ್ರ ಹೇಳುವವನು ಸಿಟ್ಟನ್ನು ನುಂಗಬೇಕೆಂದು ಯಾವ ಪ್ರಸಂಗಿಯೂ ಹೇಳಬಾರದು. ಕೀರ್ತನೆಗಳ ಗ್ರಂಥದಲ್ಲಿ ಅಳಲು ತುಂಬಿದ ಹಾಡುಗಳೇ ಎಷ್ಟೊಂದಿವೆ.

1637ರ ಪಿಡುಗಿನ ಹಿಂದೆಯೇ ಐಲೆನ್‌ಬುರ್ಗ್‌ಗೆ ಬರ ಬಂತು. ಸತ್ತ ಬೆಕ್ಕಿಗೋ ಕಾಗೆಗೋ ಮೂವತ್ತು ನಲವತ್ತು ಜನ ಬೀದಿಯಲ್ಲಿ ಕಿತ್ತಾಡುವ ಸ್ಥಿತಿ. ರಿಂಕಾರ್ಟ್ ತಮ್ಮ ಮನೆಯವರ ಹೊಟ್ಟೆಗೆ ಬೇಕಾದ ಅಷ್ಟಿಷ್ಟನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಹಂಚಿದರು. ಮುಂದೆ ಬರಬೇಕಾದ ಸಂಬಳವನ್ನು ಅಡವಿಟ್ಟು ಸಾಲ ಮಾಡಿದರು. 1639ರಲ್ಲಿ ಸ್ವೀಡನ್ನಿನ ಸೇನೆ ಬಂದು 30,000 ಥೇಲರ್ ನಾಣ್ಯಗಳ ದಂಡ ಕೇಳಿತು. ಸೇನಾಧಿಪತಿಯ ಬಳಿ ಹೋಗಿ ರಿಂಕಾರ್ಟ್ ಬೇಡಿಕೊಂಡರು; ಅವನು ಒಪ್ಪಲಿಲ್ಲ. ಆಗ ಊರಿನವರ ಕಡೆ ತಿರುಗಿ, ಮನುಷ್ಯರಲ್ಲಿ ಕನಿಕರ ಸಿಗಲಿಲ್ಲ, ದೇವರಲ್ಲಿಗೆ ಹೋಗೋಣ ಎಂದು ಎಲ್ಲರನ್ನೂ ಮೊಣಕಾಲೂರಿಸಿ ಪ್ರಾರ್ಥಿಸಿದರು. ಕೊನೆಗೆ ದಂಡ ಬಹಳಷ್ಟು ಇಳಿಯಿತು.

ಇಷ್ಟು ಮಾಡಿದವರಿಗೆ ಊರು ಏನು ಕೊಟ್ಟಿತು? ಊರಿನ ಅಧಿಕಾರಸ್ಥರು ಅವರನ್ನು ಸತಾಯಿಸುತ್ತಲೇ ಇದ್ದರು. ಅವರು ತೀರಿಕೊಂಡದ್ದು ದಣಿದು, ವಯಸ್ಸಿಗಿಂತ ಹೆಚ್ಚು ಮುದುಕರಾಗಿ. ಜಗತ್ತಿಗೇ ಕೃತಜ್ಞತೆಯ ಹಾಡು ಕೊಟ್ಟವರಿಗೆ ತಮ್ಮ ಊರಿನಲ್ಲಿ ಒಂದು ಒಳ್ಳೆಯ ಮಾತು ಸಿಗಲಿಲ್ಲ. ಲೂಕನ ಸುವಾರ್ತೆಯಲ್ಲಿ ಗುಣವಾದ ಹತ್ತು ಕುಷ್ಠರೋಗಿಗಳಲ್ಲಿ ಹಿಂತಿರುಗಿ ಬಂದವನು ಒಬ್ಬನೇ, ಅವನೂ ಪರದೇಶದವನು. ಸೇವೆಗೆ ಬರುವ ತರುಣರಿಗೆ ನಾನು ಇದನ್ನು ಮೊದಲೇ ಹೇಳುತ್ತೇನೆ. ಜನರ ಥ್ಯಾಂಕ್ಸ್ ಎದುರು ನೋಡುವವನು ಈ ಕೆಲಸದಲ್ಲಿ ಬಹಳ ದಿನ ಬಾಳುವುದಿಲ್ಲ.

ಹಾಡು ಮಾತ್ರ ತನ್ನ ದಾರಿಯಲ್ಲಿ ನಡೆಯಿತು. 1647ರಲ್ಲಿ ಬಂದ ಯೋಹಾನ್ ಕ್ರ್ಯೂಗರ್ ಅವರ ರಾಗ ಅದಕ್ಕೆ ಅಂಟಿಕೊಂಡಿತು. ಸಂಗೀತಕಾರ ಬಾಖ್ ಅದನ್ನು ತಮ್ಮ ಕೃತಿಗಳಲ್ಲಿ ಬಳಸಿದರು, ಮೆಂಡೆಲ್‌ಸನ್ 1840ರಲ್ಲಿ ಲೈಪ್‌ಜಿಗ್‌ನಲ್ಲಿ ಮುದ್ರಣಕಲೆಯ ನಾನ್ನೂರನೇ ವರ್ಷದ ಉತ್ಸವಕ್ಕೆ ಬರೆದ ಕೃತಿಯಲ್ಲಿ ಸೇರಿಸಿದರು. 1757ರಲ್ಲಿ ಲಾಯ್ಟನ್ ಕಾಳಗ ಗೆದ್ದ ಪ್ರಷ್ಯದ ಸೈನಿಕರು ಇದನ್ನೇ ಹಾಡಿದರು. 1914ರ ಆಗಸ್ಟ್ 1ರಂದು ಬರ್ಲಿನ್ನಿನ ಅರಮನೆಯ ಮುಂದೆ ನೆರೆದ ಜನ ಯುದ್ಧ ಶುರುವಾದ ಹುರುಪಿನಲ್ಲಿ ಇದನ್ನೇ ಹಾಡಿದರು. ಅದನ್ನು ಓದುವಾಗ ನನ್ನ ಎದೆ ಹಿಂಡುತ್ತದೆ. ನೆರೆಯವನ ಸೋಲಿಗೆ, ನೆರೆಯವನನ್ನು ಕೊಲ್ಲುವ ಸಂಭ್ರಮಕ್ಕೆ ಹೇಳುವ ಸ್ತೋತ್ರ ದೇವರಿಗೆ ಮುಟ್ಟುವುದಿಲ್ಲ. 1955ರಲ್ಲಿ ಸೋವಿಯತ್ ದೇಶದಿಂದ ಬಿಡುಗಡೆಯಾಗಿ ಫ್ರೀಡ್‌ಲಾಂಡ್ ಶಿಬಿರಕ್ಕೆ ಬಂದಿಳಿದ, ಎರಡನೇ ಮಹಾಯುದ್ಧದಲ್ಲಿ ಸೋತುಹೋದ ಜರ್ಮನ್ ಯುದ್ಧಕೈದಿಗಳೂ ಇದೇ ಹಾಡು ಹಾಡಿದರು. ಬದುಕಿ ಊರಿಗೆ ಬಂದದ್ದಷ್ಟೇ ಅವರ ಬಳಿ ಉಳಿದಿತ್ತು. ಆ ಬಾಯಲ್ಲಿ ಹಾಡು ಮತ್ತೆ ರಿಂಕಾರ್ಟರದಾಯಿತು.

ಓದುಗರಲ್ಲಿ ನನ್ನದೊಂದು ಕೋರಿಕೆ. ನೀವು ಯಾವ ಧರ್ಮದವರೇ ಆಗಿರಿ, ಕೋವಿಡ್ ದಿನಗಳಲ್ಲಿ ನಿಮ್ಮ ಮನೆಯವರ ದೇಹವನ್ನು ಮುಟ್ಟಿ ಹೊತ್ತವರು ಯಾರೋ ಇದ್ದಾರೆ. ಆಂಬುಲೆನ್ಸ್ ಓಡಿಸಿದವರು, ಗುಂಡಿ ತೋಡಿದವರು, ಚಿತೆಗೆ ಕಟ್ಟಿಗೆ ಒಟ್ಟಿದವರು. ಬಹಳಷ್ಟು ಜನರಿಗೆ ಆಗ ಒಂದು ಮಾತು ಹೇಳುವ ಸ್ಥಿತಿಯೂ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ಇನ್ನೂ ಅದೇ ಸ್ಮಶಾನದಲ್ಲಿ, ಅದೇ ಆಸ್ಪತ್ರೆಯ ಗೇಟಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಈ ವಾರ ಬಿಡುವು ಮಾಡಿಕೊಂಡು ಒಮ್ಮೆ ಹೋಗಿ, ಹೆಸರು ಕೇಳಿ, ಮಾತಾಡಿಸಿ ಬನ್ನಿ.